ಒಲೆಯ ಹೊಗೆ, ಗಂಟಲ ನೋವು: ಒಂದು ಹೃದ್ರೋಗ ಸಂಸ್ಥೆ ಹುಟ್ಟಿದ ಬಗೆ

ಹೃದ್ರೋಗ ತಜ್ಞರ ಕ್ಲಿನಿಕ್ ಮುಂದೆ ನಿಂತವರು ಬೋರ್ಡನ್ನು ಪೂರ್ತಿ ಓದುವುದಿಲ್ಲ. ಡಾಕ್ಟರ ಹೆಸರು, ಅವರು ಕೂರುವ ಹೊತ್ತು ಇಷ್ಟು ಕಂಡರೆ ಸಾಕು, ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಜಾಗ ಹುಡುಕುತ್ತಾರೆ. ಹೆಸರಿನ ಮುಂದಿರುವ ಅಕ್ಷರಗಳ ಗೊಡವೆ ಯಾರಿಗೂ ಬೇಡ. ಎಂ.ಬಿ.ಬಿ.ಎಸ್., ಎಂ.ಡಿ. ಆದಮೇಲೆ ಅಲ್ಲಿ ಇನ್ನೆರಡು ಅಕ್ಷರ ಇರುತ್ತವೆ: ಡಿ.ಎಂ. ವೈದ್ಯಶಾಸ್ತ್ರವನ್ನೆಲ್ಲ ಓದಿ ಮುಗಿಸಿ, ಮತ್ತೆ ಕೆಲವು ವರ್ಷ ಹೃದಯವೊಂದನ್ನೇ ಓದಿದವರು ಎಂದು ಅದರರ್ಥ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು ಹದಿನಾರು ವರ್ಷಕ್ಕೂ ಹೆಚ್ಚು ಕಾಲ ನಡೆಸಿದ, ನಮ್ಮ ಚನ್ನರಾಯಪಟ್ಟಣ ಸೀಮೆಯ ಡಾ. ಸಿ.ಎನ್. ಮಂಜುನಾಥ್ ಆ ಎರಡಕ್ಷರವನ್ನು ಸಂಪಾದಿಸಿದ್ದು ಮಂಗಳೂರಿನಲ್ಲಿ. ಇಂದು ರಾಜ್ಯದ ಯಾವ ಊರಿನ ಹೃದ್ರೋಗ ತಜ್ಞರ ಬೋರ್ಡಿನಲ್ಲಾದರೂ ಅವು ಸಿಗುತ್ತವೆ.

ಈ ಓದನ್ನು ಭಾರತದಲ್ಲಿ ಮೊದಲಿಗೆ ತೊಡಗಿಸಿದವರ ಸಾಲಿನಲ್ಲಿ ಒಬ್ಬ ಹೆಂಗಸಿದ್ದಾರೆ. ಶಿವರಾಮಕೃಷ್ಣ ಅಯ್ಯರ್ ಪದ್ಮಾವತಿ. ಎಲ್ಲರಿಗೂ ಡಾ. ಎಸ್. ಪದ್ಮಾವತಿ. ಈ ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಎಂದು ಅವರನ್ನು ಕರೆಯುವ ರೂಢಿ. ಆ ಬಿರುದು ಸುಳ್ಳಲ್ಲ, ಆದರೆ ಅದನ್ನಷ್ಟೇ ಹೇಳಿ ಕೈತೊಳೆದುಕೊಂಡರೆ ಅವರು ಮಾಡಿದ ಕೆಲಸ ಮರೆಯಾಗಿ ಹೋಗುತ್ತದೆ.

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಪದ್ಮಾವತಿ ಕಟ್ಟಿದ ದೆಹಲಿಯ ಸಂಸ್ಥೆಯೊಂದರ ಚರಿತ್ರೆ ಏಕೆ ಎಂದು ಕೇಳುವವರಿಗೆ ಒಂದು ಮಾತು. 2025ರ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ಸುದ್ದಿಯಾದವು. ಸತ್ತವರಲ್ಲಿ ಎಳೆಯರೂ ಇದ್ದರು. ಟಿ.ವಿ.ಯಲ್ಲಿ ದಿನಕ್ಕೊಂದು ಲೆಕ್ಕ ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತು. ಎದೆಯಲ್ಲಿ ಯಾವ ನೋವೂ ಇಲ್ಲದವರು ಕೂಡ ಇ.ಸಿ.ಜಿ. ಮಾಡಿಸಿಕೊಂಡು ಬಂದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ನೋಡಿ, ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ಅದೇ ಸಂದರ್ಭದಲ್ಲಿ ಶಾಲಾ ಮಕ್ಕಳ ಹೃದಯ ತಪಾಸಣೆಯ ಮಾತೂ ಬಂತು. ಸಂಚಿಕೆಯ ಸಂಪಾದಕರು, ನನ್ನ ಹಳೆಯ ವಿದ್ಯಾರ್ಥಿ, ಮನೆಗೆ ಬಂದು, "ಮೇಷ್ಟ್ರೇ, ಮೂವತ್ತು ವರ್ಷ ಹೃದಯದ ಚಿತ್ರ ಬರೆಸಿದ್ದೀರಿ, ಈಗ ನೀವೇ ಬರೀರಿ" ಎಂದ. ಬರೆಯಲು ಕೂತಾಗ ನೆನಪಿಗೆ ಬಂದವರು ಪದ್ಮಾವತಿ. ಹೃದಯದ ರೋಗಕ್ಕೂ ಶಾಲೆಗೂ ಇರುವ ನಂಟನ್ನು ಈ ದೇಶದಲ್ಲಿ ಮೊದಲು ಹಿಡಿದು ತೋರಿಸಿದವರಲ್ಲಿ ಅವರೊಬ್ಬರು.

ಹುಟ್ಟಿದ್ದು 1917ರ ಜೂನ್ 20ರಂದು, ಬರ್ಮಾದ ಮಗ್ವೆಯಲ್ಲಿ. ಐರಾವತಿ ನದಿಯ ದಂಡೆಯ ಊರು. ಬರ್ಮಾ ಆಗ ಬ್ರಿಟಿಷ್ ಇಂಡಿಯಾಕ್ಕೇ ಸೇರಿತ್ತು. ತಂದೆ ಬ್ಯಾರಿಸ್ಟರು. ರಂಗೂನ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಅಲ್ಲಿಂದ ಎಂ.ಬಿ.ಬಿ.ಎಸ್. ಪಡೆದರು. ಅಷ್ಟರಲ್ಲಿ ಯುದ್ಧ. 1942ರಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದಾಗ ತಾಯಿ, ಅಕ್ಕತಂಗಿಯರ ಜೊತೆ ಮನೆ ಬಿಟ್ಟು ಕೊಯಮತ್ತೂರು ಸೇರಿದರು. ಗಂಡಸರು ಅಲ್ಲೇ ಉಳಿದರು. ಯುದ್ಧ ಮುಗಿದ ಮೇಲೆಯೇ ಆ ಸಂಸಾರ ಮತ್ತೆ ಒಂದಾದದ್ದು.

1949ರಲ್ಲಿ ಲಂಡನ್. ಅಲ್ಲಿನ ಪರೀಕ್ಷೆಗಳು, ಆಸ್ಪತ್ರೆಗಳು, ಆಮೇಲೆ ಸ್ವೀಡನ್ನಿನಲ್ಲಿ ಕೆಲವು ತಿಂಗಳು. ಇವನ್ನು ಬೇಗ ದಾಟೋಣ. ಕಥೆಗೆ ಬೇಕಾದ ಇಬ್ಬರು ಗುರುಗಳು ಇರುವುದು ಅಮೆರಿಕದಲ್ಲಿ.

ಮೊದಲಿನವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೆಲೆನ್ ಟೌಸಿಗ್. ಹುಟ್ಟುವಾಗಲೇ ಹೃದಯದಲ್ಲಿ ದೋಷವಿದ್ದು, ಮೈ ನೀಲಿಗಟ್ಟುವ ಮಕ್ಕಳಿಗೆ 1944ರಲ್ಲಿ ದಾರಿ ತೋರಿಸಿದ ಶಸ್ತ್ರಚಿಕಿತ್ಸೆಯ ಹಿಂದಿನ ಆಲೋಚನೆ ಅವರದು. ಟೌಸಿಗ್‌ಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೃದ್ರೋಗ ವೈದ್ಯರಿಗೆ ಸ್ಟೆತಾಸ್ಕೋಪೇ ಕೈಗೋಲು. ಅದನ್ನು ನೆಚ್ಚಿಕೊಳ್ಳಲಾಗದೆ ಅವರು ಮಗುವಿನ ಎದೆಯ ಮೇಲೆ ಬೆರಳಿಟ್ಟು, ಬಡಿತವನ್ನೂ ಅದರ ಕಂಪನವನ್ನೂ ತಡವಿ ತಿಳಿಯುತ್ತಿದ್ದರು. ಎರಡನೆಯವರು ಹಾರ್ವರ್ಡ್‌ನ ಪಾಲ್ ಡಡ್ಲಿ ವೈಟ್. 1952ರಲ್ಲಿ ಪದ್ಮಾವತಿ ವೈಟ್ ಅವರ ಬಳಿ ಸೇರಿದರು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಕರೆಸಿಕೊಂಡದ್ದು ಈ ವೈಟ್ ಅವರನ್ನೇ. ನಡೆಯಿರಿ, ಸೈಕಲ್ ತುಳಿಯಿರಿ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ, ಹೇಳಿದ್ದನ್ನು ತಾವೂ ಮಾಡುತ್ತಿದ್ದ ಮನುಷ್ಯ. ಒಬ್ಬರಿಂದ ಬೆರಳ ವಿದ್ಯೆ, ಇನ್ನೊಬ್ಬರಿಂದ ಕಾಲಿನ ವಿದ್ಯೆ ಕಲಿತು ಬಂದರು ಎಂದು ನಾನು ತರಗತಿಯಲ್ಲಿ ತಮಾಷೆಗೆ ಹೇಳುತ್ತಿದ್ದೆ.

1953ರಲ್ಲಿ ಭಾರತಕ್ಕೆ ಬಂದು ಸೇರಿದ್ದು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿಗೆ. ಕರೆದವರು ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್. ಇದು ಹೆಣ್ಣುಮಕ್ಕಳಿಗೆಂದೇ 1916ರಲ್ಲಿ ಶುರುವಾದ ಕಾಲೇಜು. ಓದುವವರು ಹೆಂಗಸರು, ಆಸ್ಪತ್ರೆಗೆ ಬರುವವರು ಹೆಂಗಸರು ಮತ್ತು ಮಕ್ಕಳು. ಮರುವರ್ಷವೇ ಅಲ್ಲೊಂದು ಹೃದ್ರೋಗ ಚಿಕಿತ್ಸಾಲಯ ತೆರೆದರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಯಾಥೆಟರ್ ಪ್ರಯೋಗಾಲಯ ಬಂತು. ಉತ್ತರ ಭಾರತಕ್ಕೆ ಅದೇ ಮೊದಲನೆಯದು.

ಕ್ಯಾಥೆಟರ್ ಎಂದರೆ ಕೈಯ ಅಥವಾ ತೊಡೆಯ ರಕ್ತನಾಳದಲ್ಲಿ ತೂರಿಸಿ ಹೃದಯದವರೆಗೆ ಒಯ್ಯುವ ಸಣ್ಣ ಕೊಳವೆ. ಈಗ ತಾಲ್ಲೂಕು ಕೇಂದ್ರದ ಜನರಿಗೂ ಆಂಜಿಯೋಗ್ರಾಂ ಎಂಬ ಮಾತು ಗೊತ್ತು. ಅದರ ಮೂಲ ಇದೇ. 1929ರಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಜರ್ಮನ್ ಯುವ ವೈದ್ಯ ತನ್ನ ತೋಳಿನ ರಕ್ತನಾಳಕ್ಕೇ ಕೊಳವೆ ತೂರಿಸಿಕೊಂಡು, ಹಾಗೆಯೇ ಎಕ್ಸ್‌ರೇ ಕೋಣೆಗೆ ನಡೆದು ಹೋಗಿ ಅದು ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದ್ದ. ಹುಚ್ಚು ಎಂದರು. 1956ರಲ್ಲಿ ನೊಬೆಲ್ ಕೊಟ್ಟರು. ಆತನಿಗೆ ಆ ಮನ್ನಣೆ ಸಿಗುವ ಹೊತ್ತಿಗೆ ದೆಹಲಿಯ ಹೆಂಗಸರ ಕಾಲೇಜೊಂದರಲ್ಲಿ ಆ ವಿದ್ಯೆ ಬೇರುಬಿಡುತ್ತಿತ್ತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಎಲ್ಲಿಯೂ ಕಂಡಿಲ್ಲ.

ಸಂಸ್ಥೆಗಳ ಚರಿತ್ರೆ ಬರೆಯುವವರಿಗೆ ಒಂದು ಚಾಳಿ ಇದೆ. ಅಡಿಗಲ್ಲು ಇಟ್ಟವರು ಯಾರು, ಉದ್ಘಾಟಿಸಿದ ಸಚಿವರು ಯಾರು, ಕಟ್ಟಡಕ್ಕೆ ಎಷ್ಟು ಲಕ್ಷ. ನಮ್ಮ ಶಾಲೆಯ ರಜತೋತ್ಸವದ ಸಂಚಿಕೆಯೂ ಹಾಗೆಯೇ ಇತ್ತು, ಅದರಲ್ಲಿ ನಾನು ಬರೆದ ಲೇಖನವೂ. ಸಂಸ್ಥೆ ನಿಜವಾಗಿ ಹುಟ್ಟುವುದು ಯಾರೋ ಒಬ್ಬರಿಗೆ ಒಂದು ಪ್ರಶ್ನೆ ತಲೆಯಲ್ಲಿ ಕೂತು ಬಿಡದೆ ಕಾಡಿದಾಗ. ಪದ್ಮಾವತಿಯವರನ್ನು ಕಾಡಿದ ಪ್ರಶ್ನೆಗಳು ಎರಡು. ಎರಡೂ ಬಡವರ ಮನೆಯಿಂದ ಬಂದವು.

ಲಂಡನ್, ಬಾಸ್ಟನ್ನಿನ ಪುಸ್ತಕಗಳಲ್ಲಿ ಹೃದಯದ ಕಾಯಿಲೆ ಎಂದರೆ ಮುಖ್ಯವಾಗಿ ನಡುವಯಸ್ಸಿನ ಗಂಡಸಿನ ಕಾಯಿಲೆ: ರಕ್ತನಾಳದಲ್ಲಿ ಕೊಬ್ಬು ಕಟ್ಟಿ, ಕುರ್ಚಿಯಲ್ಲಿ ಕೂತವನು ಎದೆ ಹಿಡಿದುಕೊಳ್ಳುವುದು. ದೆಹಲಿಯ ಈ ಚಿಕಿತ್ಸಾಲಯಕ್ಕೆ ಬರುತ್ತಿದ್ದವರು ಬೇರೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ, ಕಾಲು ಊದಿಕೊಂಡ, ಇನ್ನೂ ಪ್ರಾಯ ಕಳೆಯದ ಹೆಂಗಸರು. ಬೀಡಿ ಸಿಗರೇಟು ಮುಟ್ಟದವರು. ಅವರ ಹೃದಯದ ಬಲಭಾಗ ಹಿಗ್ಗಿರುತ್ತಿತ್ತು, ಶ್ವಾಸಕೋಶ ಕೆಟ್ಟಿರುತ್ತಿತ್ತು. 1959ರಲ್ಲಿ ಪದ್ಮಾವತಿ, ಪಾಠಕ್ ಎಂಬ ಸಹಸಂಶೋಧಕರ ಜೊತೆ, ದೆಹಲಿಯಲ್ಲಿ ಇಂಥ ಹೃದಯದ ಕಾಯಿಲೆಯ 127 ರೋಗಿಗಳ ಅಧ್ಯಯನವನ್ನು 'ಸರ್ಕ್ಯುಲೇಷನ್' ಎಂಬ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆರಳು ತೋರಿದ್ದು ಒಲೆಯ ಕಡೆಗೆ. ಸೆಗಣಿಯ ಬೆರಣಿ, ಸೌದೆ ಉರಿಸುವ, ಕಿಟಕಿ ಇಲ್ಲದ ಅಡುಗೆಮನೆ. ಹುಡುಗಿಯಾಗಿದ್ದಾಗಿನಿಂದ ದಿನಕ್ಕೆ ಗಂಟೆಗಟ್ಟಲೆ ಆ ಹೊಗೆ ಕುಡಿದ ಎದೆ.

ಇದು ನಡೆಯುವ ಬಗೆ ಮಕ್ಕಳಿಗೂ ಅರ್ಥವಾಗುವಂಥದು. ಹೃದಯದ ಬಲಭಾಗದ ಕೆಲಸ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುವುದು. ಹೊಗೆಯಿಂದ ಶ್ವಾಸಕೋಶ ಹಾಳಾದಂತೆ ಅದರೊಳಗಿನ ರಕ್ತನಾಳಗಳು ಬಿಗಿಯುತ್ತವೆ. ಕಟ್ಟಿಕೊಂಡ ಪೈಪಿಗೆ ನೀರು ಹತ್ತಿಸುವ ಪಂಪಿನ ಹಾಗೆ ಬಲ ಹೃತ್ಕುಕ್ಷಿ ತಿಣುಕುತ್ತದೆ, ದಪ್ಪವಾಗುತ್ತದೆ, ಕೊನೆಗೆ ಸೋಲುತ್ತದೆ. ಆಗ ರಕ್ತ ಹಿಂದೆ ನಿಂತು ಕಾಲು ಬಾಯುತ್ತದೆ. ಕಾಯಿಲೆಯ ಹೆಸರು ಹೃದಯದ್ದು. ಹುಟ್ಟಿದ ಜಾಗ ಅಡುಗೆಮನೆ.

ನಮ್ಮ ಅಜ್ಜಿಯ ಅಡುಗೆಮನೆಯ ಜಂತಿಗಳು ಕಾಡಿಗೆ ಬಳಿದ ಹಾಗೆ ಮಿರಿಮಿರಿ ಕಪ್ಪು. ಮಳೆಗಾಲದಲ್ಲಿ ಹಸಿ ಸೌದೆಗೆ ಊದುಗೊಳವೆ ಹಿಡಿದು ಊದಿ ಊದಿ ಅವರ ಕಣ್ಣು ಸದಾ ಕೆಂಪು. ಸಾಯುವ ಮುಂಚಿನ ನಾಲ್ಕೈದು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. "ವಯಸ್ಸಾಯ್ತಲ್ಲ, ದಮ್ಮು" ಎಂದು ಮನೆಯವರೆಲ್ಲ ಅಂದುಕೊಂಡೆವು. ಅಜ್ಜಿಗೆ ಆಗ ಅರವತ್ತೂ ತುಂಬಿರಲಿಲ್ಲ. ಆ 127 ಜನರ ಅಧ್ಯಯನದ ಬಗ್ಗೆ ಓದಿದ ದಿನ ನನಗೆ ಕಂಡದ್ದು ಆ ಗೋಡೆಯ ಮೇಲೆ ಅಜ್ಜಿಯ ಬೆನ್ನು ಒರಗಿ ಬಿದ್ದಿದ್ದ ಎಣ್ಣೆಯ ಕಲೆ.

ಕರ್ನಾಟಕದ ಮಟ್ಟಿಗೆ ಈ ಹೊಗೆಯ ಮೇಲೆ ಕೈಯೆತ್ತಿದವರು ವೈದ್ಯರಿಗಿಂತ ಹೆಚ್ಚಾಗಿ ಎಂಜಿನಿಯರುಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಹೊಗೆಯನ್ನು ಕೊಳವೆಯ ಮೂಲಕ ಸೂರಿನ ಹೊರಗೆ ಅಟ್ಟುವ ಅಸ್ತ್ರ ಒಲೆ ಬಂತು. ತುಮಕೂರು ಜಿಲ್ಲೆಯ ಉಂಗ್ರದಂಥ ಹಳ್ಳಿಗಳಿಂದ ಹೊರಟು ಎಂಬತ್ತರ ದಶಕದಲ್ಲಿ ನಮ್ಮ ಕಡೆಗೂ ಮುಟ್ಟಿತು. ಸೌದೆ ಉಳಿಸುವ ಒಲೆ ಎಂದು ಅದನ್ನು ಜನ ಹಾಕಿಸಿಕೊಂಡರು; ಹೆಂಗಸರ ಎದೆ ಉಳಿಸುವ ಒಲೆ ಎಂದು ಯಾರೂ ಬಾಯಿಬಿಟ್ಟು ಹೇಳಿದ ನೆನಪಿಲ್ಲ. ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ. 1959ರಿಂದ ಲೆಕ್ಕ ಹಾಕಿದರೆ ನಡುವೆ 57 ವರ್ಷ.

ಎರಡನೆಯ ಪ್ರಶ್ನೆ ಮಕ್ಕಳದು. ಐದರಿಂದ ಹದಿನೈದರ ವಯಸ್ಸಿನ ಮಗುವಿಗೆ ಗಂಟಲು ನೋವು, ಜ್ವರ ಬರುತ್ತದೆ. ಹೆಚ್ಚಿನವು ವೈರಸ್ಸಿನವು, ತಾವೇ ಹೋಗುತ್ತವೆ. ಕೆಲವು ಮಾತ್ರ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದವು. ಆ ಕೆಲವರಲ್ಲೂ ಎಲ್ಲೋ ಒಂದಿಬ್ಬರಲ್ಲಿ, ಗಂಟಲು ವಾಸಿಯಾಗಿ ಎರಡು ಮೂರು ವಾರ ಕಳೆದ ಮೇಲೆ, ಬ್ಯಾಕ್ಟೀರಿಯಾದ ಮೇಲೆ ಯುದ್ಧಕ್ಕೆ ಹೊರಟ ಮೈಯ ಸೈನ್ಯ ಗುರುತು ತಪ್ಪಿ ತನ್ನದೇ ಕೀಲುಗಳ ಮೇಲೆ, ಹೃದಯದ ಮೇಲೆ ಬೀಳುತ್ತದೆ. ಇದು ರುಮ್ಯಾಟಿಕ್ ಜ್ವರ. ಮಂಡಿ ಊದುತ್ತದೆ, ಇಳಿಯುತ್ತದೆ, ನೋವು ಮೊಣಕೈಗೆ ಹಾರುತ್ತದೆ. ಈ ಜ್ವರ ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಎಂಬುದು ವೈದ್ಯಕೀಯ ಕಾಲೇಜುಗಳಲ್ಲಿ ತಲೆಮಾರುಗಳಿಂದ ಬಂದ ಮಾತು. ಕೀಲು ಪೂರ್ತಿ ಸರಿಹೋಗುತ್ತದೆ. ಹೃದಯದ ಎಡಭಾಗದಲ್ಲಿರುವ ದ್ವಿದಳ ಕವಾಟ ಮಾತ್ರ ವರ್ಷಗಳ ಮೇಲೆ ದಪ್ಪಗಟ್ಟಿ, ಬಿಜಾಗರಿಗೆ ತುಕ್ಕು ಹಿಡಿದ ಬಾಗಿಲಿನಂತೆ ಪೂರ್ತಿ ತೆರೆಯದೆ, ಪೂರ್ತಿ ಮುಚ್ಚದೆ ನಿಲ್ಲುತ್ತದೆ.

ಇಕ್ಕಟ್ಟಿನ ಮನೆ, ಒಂದೇ ಕೋಣೆಯಲ್ಲಿ ಮಲಗುವ ಆರೆಂಟು ಜನ, ಗಾಳಿಯಾಡದ ತರಗತಿ, ಹತ್ತಿರದಲ್ಲಿ ವೈದ್ಯರಿಲ್ಲದ ಊರು. ಈ ಜ್ವರಕ್ಕೆ ಬೇಕಾದದ್ದು ಇಷ್ಟೆ. ಶ್ರೀಮಂತ ದೇಶಗಳಲ್ಲಿ ಅದು ಕರಗುತ್ತಿದ್ದ ಕಾಲದಲ್ಲಿ ಇಲ್ಲಿ ಆಸ್ಪತ್ರೆಯ ಹೃದ್ರೋಗಿಗಳ ಹಾಸಿಗೆಗಳನ್ನು ಅದು ತುಂಬಿಕೊಂಡಿತ್ತು. ಪದ್ಮಾವತಿಯವರು ದೆಹಲಿಯ ಆಸ್ಪತ್ರೆಗಳ ಅಂಕಿಅಂಶ ಹಿಡಿದು ಐವತ್ತರ, ಅರವತ್ತರ ದಶಕಗಳಲ್ಲಿ ಬರೆದ ಪ್ರಬಂಧಗಳಲ್ಲಿ ಇದು ದೊಡ್ಡ ವಿಷಯ.

ನನ್ನ ಜೊತೆ ಏಳನೇ ತರಗತಿಯಲ್ಲಿದ್ದ ಒಬ್ಬಳು ಹುಡುಗಿ ಖೋ ಖೋ ಆಟದಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಒಂದು ಮಳೆಗಾಲ ಜ್ವರ, ಮಂಡಿನೋವು ಎಂದು ಹದಿನೈದು ದಿನ ಶಾಲೆಗೆ ಬರಲಿಲ್ಲ. "ಬೆಳೆಯೋ ನೋವು, ಕಾಲು ಒತ್ತಿಸ್ಕೊ" ಎಂದರು ದೊಡ್ಡವರು. ಎಣ್ಣೆ ತಿಕ್ಕಿದರು. ವಾಸಿಯಾಯಿತು. ಮತ್ತೆ ಆಟಕ್ಕೂ ಬಂದಳು. ಮದುವೆಯಾಗಿ ಮೊದಲ ಬಸುರಿನಲ್ಲಿ ಉಸಿರು ಸಿಕ್ಕದೆ ಆಸ್ಪತ್ರೆ ಸೇರಿದಾಗಲೇ ಕವಾಟ ಕಿರಿದಾಗಿರುವುದು ತಿಳಿದದ್ದು. ಅಂಥವರಿಗೆ ಈಗ ತೊಡೆಯ ರಕ್ತನಾಳದ ಮೂಲಕ ಬಲೂನು ಕಳಿಸಿ ಕವಾಟ ಹಿಗ್ಗಿಸುತ್ತಾರೆ. ಬೆಂಗಳೂರಿನ ಜಯದೇವ ಈ ಕೆಲಸಕ್ಕೆ ಹೆಸರಾದ ಜಾಗ, ಡಾ. ಮಂಜುನಾಥ್ ಅದರಲ್ಲಿ ಪಳಗಿದ ಕೈ. ಆ ಹುಡುಗಿಯ ಕಾಲಕ್ಕೆ ಬಲೂನು ಇರಲಿಲ್ಲ.

ಇನ್ನು ಸಂಸ್ಥೆಯ ಕಥೆ. ಸರ್ಕಾರಿ ಆಸ್ಪತ್ರೆ ಎಷ್ಟೇ ದೊಡ್ಡದಾದರೂ ಬಾಗಿಲಿಗೆ ಬಂದವರನ್ನು ನೋಡುತ್ತದೆ. ಬಾಗಿಲಿಗೆ ಬರುವ ಹೊತ್ತಿಗೆ ಕವಾಟ ಕೆಟ್ಟಿರುತ್ತದೆ, ಶ್ವಾಸಕೋಶ ಸುಟ್ಟಿರುತ್ತದೆ. ಬರುವ ಮೊದಲೇ ಜನರ ಬಳಿಗೆ ಹೋಗುವುದು ಆಸ್ಪತ್ರೆಯ ಹೊರಗಿನ ಕೆಲಸ, ಅದಕ್ಕೆ ಬೇರೆ ಹಣ, ಬೇರೆ ಜನ ಬೇಕು. 1962ರಲ್ಲಿ ಕೆಲವು ವೈದ್ಯರನ್ನೂ ಉದ್ಯಮಿಗಳನ್ನೂ ಸೇರಿಸಿಕೊಂಡು ಪದ್ಮಾವತಿ ಅಖಿಲ ಭಾರತ ಹೃದಯ ಪ್ರತಿಷ್ಠಾನವನ್ನು ಕಟ್ಟಿದರು. ತಿಳಿವಳಿಕೆ, ತಡೆಗಟ್ಟುವಿಕೆ, ಸಂಶೋಧನೆ ಅದರ ಉದ್ದೇಶ. ಹೃದಯದ ಹೆಸರಿನಲ್ಲಿ ಊರೂರಿಗೆ ಪ್ರತಿಷ್ಠಾನಗಳಿರುವ ಈ ಕಾಲದಲ್ಲಿ ಇದು ದೊಡ್ಡ ಸಂಗತಿ ಎನಿಸದು. 1962ರಲ್ಲಿ ಕಾಯಿಲೆ ಬರುವ ಮೊದಲೇ ಹಣ ಖರ್ಚು ಮಾಡಿ ಎಂದು ಉದ್ಯಮಿಗಳಿಗೆ ಹೇಳಲು ಎದೆಗಾರಿಕೆ ಬೇಕಿತ್ತು.

ನಾಲ್ಕು ವರ್ಷಕ್ಕೆ, 1966ರಲ್ಲಿ, ಐದನೆಯ ವಿಶ್ವ ಹೃದ್ರೋಗ ಸಮ್ಮೇಳನ ದೆಹಲಿಯಲ್ಲಿ ನಡೆಯಿತು. ಅದರ ಹೊಣೆ ಹೊತ್ತವರು ಇವರೇ. ಮರುವರ್ಷ ಪದ್ಮಭೂಷಣ, ಅದೇ ವರ್ಷ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ನಿರ್ದೇಶಕ ಪ್ರಾಂಶುಪಾಲರ ಹುದ್ದೆ. ಅದಕ್ಕೆ ಸೇರಿದ್ದ ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗ ಬೆಳೆದದ್ದು, ಹೃದಯಾಘಾತವಾದವರನ್ನು ಹಗಲಿರುಳು ಕಾಯುವ ತೀವ್ರ ನಿಗಾ ಘಟಕ, ರೋಗಿಯಿದ್ದಲ್ಲಿಗೇ ಉಪಕರಣ ಒಯ್ಯುವ ಕೊರೊನರಿ ವ್ಯಾನು, ನಾನು ಮೊದಲು ಹೇಳಿದ ಡಿ.ಎಂ. ಶಿಕ್ಷಣ, ಎಲ್ಲ ಈ ಅವಧಿಯ ಕೆಲಸ. ಇವತ್ತು ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಹಣವಿಲ್ಲದೆ ಕೊಡುತ್ತಾರಲ್ಲ, ರೋಗಿ ಆಸ್ಪತ್ರೆಗೆ ಬರುವ ಮೊದಲು ಆಸ್ಪತ್ರೆಯೇ ಅರ್ಧ ದಾರಿ ಹೋಗಬೇಕೆಂಬ ಆ ಬುದ್ಧಿ ಆ ವ್ಯಾನಿನಲ್ಲೂ ಇತ್ತು.

1978ರಲ್ಲಿ ನಿವೃತ್ತಿ. ವಯಸ್ಸು ಅರವತ್ತೊಂದು. ನಾನು ನಿವೃತ್ತನಾದಾಗ ಮೊದಲು ಮಾಡಿದ ಕೆಲಸ ಒಂದು ಒರಗು ಕುರ್ಚಿ ಕೊಂಡದ್ದು. ಪದ್ಮಾವತಿ ಮಾಡಿದ್ದು ಆಸ್ಪತ್ರೆ ಕಟ್ಟುವುದು. 1981ರಲ್ಲಿ ದಕ್ಷಿಣ ದೆಹಲಿಯಲ್ಲಿ ಪ್ರತಿಷ್ಠಾನದ ಆಸ್ಪತ್ರೆ, ರಾಷ್ಟ್ರೀಯ ಹೃದಯ ಸಂಸ್ಥೆ, ಬಾಗಿಲು ತೆರೆಯಿತು. ಚಿಕಿತ್ಸೆ, ಸಂಶೋಧನೆ, ಜನರ ನಡುವಿನ ಕೆಲಸ, ಮೂರೂ ಒಂದೇ ಸೂರಿನಡಿ. 1992ರಲ್ಲಿ ಪದ್ಮವಿಭೂಷಣ ಬಂತು. ತೊಂಬತ್ತು ದಾಟಿದ ಮೇಲೂ ಈಜುತ್ತಿದ್ದರು. ತೊಂಬತ್ತೈದರ ಆಚೆಗೂ ವಾರಕ್ಕೆ ಐದು ದಿನ ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುತ್ತಿದ್ದರು. ವೈಟ್ ಮಾಸ್ತರರ ಕಾಲಿನ ವಿದ್ಯೆ ಸುಮ್ಮನೆ ಹೋಗಲಿಲ್ಲ. ಸ್ಪ್ಯಾನಿಷ್ ಫ್ಲೂ ಬರುವ ಹಿಂದಿನ ವರ್ಷ ಹುಟ್ಟಿದ ಜೀವ ಕೋವಿಡ್‌ಗೆ ಸಿಕ್ಕಿತು. 2020ರ ಆಗಸ್ಟ್ 29ರಂದು, ತಾವೇ ಕಟ್ಟಿದ ಆಸ್ಪತ್ರೆಯಲ್ಲಿ, 103ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹಾಸನದ ಗಾಬರಿಯ ದಿನಗಳಲ್ಲಿ ಪೋಷಕರು ಶಾಲೆಗೆ ಬಂದು ಕೇಳಿದ್ದು ಒಂದೇ: ಮಕ್ಕಳಿಗೆ ಇ.ಸಿ.ಜಿ. ಯಾವಾಗ ಮಾಡಿಸುತ್ತೀರಿ? ಯಂತ್ರದ ಮೇಲೆ ನಮಗಿರುವ ನಂಬಿಕೆ ದೊಡ್ಡದು. ತಪಾಸಣೆ ಆಗಲಿ, ಬೇಡ ಎನ್ನುವುದಿಲ್ಲ. ಆದರೆ ಪದ್ಮಾವತಿಯವರ ಬದುಕಿನಿಂದ ಶಾಲೆ ಕಲಿಯಬೇಕಾದದ್ದು ಯಂತ್ರ ಬರುವ ಮೊದಲಿನ ಪಾಠ.

ಅದಕ್ಕೆ ಖರ್ಚೇ ಇಲ್ಲ. ನಾನು ಎಂಟನೇ ತರಗತಿಯಲ್ಲಿ ಹಳೆಯ ದಿನಪತ್ರಿಕೆಯನ್ನು ಕೊಳವೆಯಂತೆ ಸುತ್ತಿಸಿ ಒಬ್ಬರೆದೆಗೆ ಒಬ್ಬರು ಕಿವಿಗೊಡುವಂತೆ ಹೇಳುತ್ತಿದ್ದೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯರು, ರೋಗಿಯೊಬ್ಬಳ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚವಾಗಿ, ಕಾಗದ ಸುತ್ತಿದ್ದರಿಂದಲೇ ಸ್ಟೆತಾಸ್ಕೋಪ್ ಹುಟ್ಟಿದ್ದು. ಲಬ್ ಡಬ್ ಎಂದು ಪುಸ್ತಕದಲ್ಲಿ ಓದಿದ್ದು ಕಿವಿಗೆ ಬಿದ್ದಾಗ ಮಕ್ಕಳ ಮುಖ ನೋಡಬೇಕು. ಆ ಸದ್ದು ಕವಾಟಗಳು ಮುಚ್ಚುವ ಸದ್ದು ಎಂದು ಆಗ ಹೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಆಮೇಲೆ ಮಣಿಕಟ್ಟಿನ ನಾಡಿ. ಕೂತು ಎಣಿಸಿ, ಮೈದಾನ ಒಂದು ಸುತ್ತು ಓಡಿ ಎಣಿಸಿ, ಎಷ್ಟು ನಿಮಿಷಕ್ಕೆ ಮೊದಲಿನ ಲೆಕ್ಕಕ್ಕೆ ಬಂತು ಎಂದು ಬರೆದಿಡಿ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುವ ಈ ಮುಷ್ಟಿ ಗಾತ್ರದ ಸ್ನಾಯುವಿಗೆ ರಜೆ ಇಲ್ಲ ಎಂಬುದು ಲೆಕ್ಕದ ಪಾಠವೂ ಹೌದು. ಒಬ್ಬ ಹುಡುಗ ಒಮ್ಮೆ, "ಸಾರ್, ಭಾನುವಾರವೂ ಇಲ್ವಾ?" ಎಂದು ಕೇಳಿದ್ದ.

ಮನೆಗೆಲಸವಾಗಿ ಅಡುಗೆಮನೆ ಕೊಡಬೇಕು. ಮನೆಯಲ್ಲಿ ತಿಂಗಳಿಗೆ ಎಷ್ಟು ಉಪ್ಪಿನ ಪ್ಯಾಕೆಟ್ ಖರ್ಚಾಗುತ್ತದೆ, ತಿನ್ನುವವರು ಎಷ್ಟು ಜನ, ಭಾಗಿಸಿದರೆ ತಲೆಗೆ ದಿನಕ್ಕೆ ಎಷ್ಟು ಗ್ರಾಂ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕಲು ಈ ಲೆಕ್ಕದ ಹೊರಗೆ ನುಸುಳಿಬಿಡುತ್ತವೆ ಎಂದು ಹೇಳಿಕೊಡಬೇಕು. ಅಳತೆಯ ಪಾಠಕ್ಕೆ ಟೇಪು ಹಿಡಿದು ಗೇಟಿನಿಂದ ಹೊರಡಲಿ: ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬುದು 2003ರ ಕಾನೂನು. ನೂರು ಗಜ ಎಂದರೆ ಸುಮಾರು 91 ಮೀಟರು. ಆ ಗೆರೆಯೊಳಗೆ ಏನೇನು ತೂಗಾಡುತ್ತಿದೆ ಎಂದು ಮಕ್ಕಳೇ ಬರೆದು ತಂದರೆ ಪಂಚಾಯಿತಿಯವರಿಗೆ ಉತ್ತರ ಹೇಳುವುದು ಕಷ್ಟವಾದೀತು.

ಪ್ರೌಢಶಾಲೆಯವರಿಗೆ ಎದೆ ಒತ್ತುವುದನ್ನೂ ಕಲಿಸಲೇಬೇಕು. ಕುಸಿದು ಬಿದ್ದವರು ಕರೆದರೂ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ, ಒಬ್ಬರು 108ಕ್ಕೆ ಫೋನು ಮಾಡುವುದು, ಇನ್ನೊಬ್ಬರು ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಾದರೆ ಎರಡಂಗುಲ ಆಳಕ್ಕೆ, ನೆರವು ಬರುವವರೆಗೂ ಒತ್ತುವುದು. ನೀರು ಕುಡಿಸಬಾರದು, ಸುತ್ತ ಮುತ್ತಿಕೊಳ್ಳಬಾರದು. ಇದನ್ನು ಪುಸ್ತಕದಿಂದ ಕಲಿಸಲು ಬರುವುದಿಲ್ಲ. ಆರೋಗ್ಯ ಇಲಾಖೆಯಿಂದ ತರಬೇತಿ ಕೊಡುವವರನ್ನು ಬೊಂಬೆಯ ಸಮೇತ ಕರೆಸಬೇಕು.

ನನ್ನ ನಿಜವಾದ ಬೇಡಿಕೆ ಇರುವುದು ಹಾಜರಿ ಪುಸ್ತಕದಲ್ಲಿ. ರುಮ್ಯಾಟಿಕ್ ಜ್ವರ ಒಮ್ಮೆ ಬಂದ ಮಗುವಿಗೆ ಅದು ಮರುಕಳಿಸದಂತೆ ಸಾಮಾನ್ಯವಾಗಿ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ, ವರ್ಷಗಟ್ಟಲೆ. ಔಷಧ ಅಗ್ಗ, ಚುಚ್ಚುವ ನೋವು ಜೋರು. ಮಗು ಚೆನ್ನಾಗಿ ಓಡಾಡಿಕೊಂಡಿರುತ್ತದೆ, ಮನೆಯವರಿಗೆ ಹೊಲದ ಕೆಲಸ, ಇಪ್ಪತ್ತೊಂದನೆಯ ದಿನ ತಪ್ಪುತ್ತದೆ. ಹಾಗೆ ತಪ್ಪಿದ ದಿನಗಳಲ್ಲೇ ಜ್ವರ ಮತ್ತೆ ಬಂದು ಕವಾಟವನ್ನು ಇನ್ನಷ್ಟು ಕೆಡಿಸುತ್ತದೆ. ಮಗುವಿನ ದಿನದಿನದ ಲೆಕ್ಕ ಇಡುವ ಪುಸ್ತಕ ಈ ಲೋಕದಲ್ಲಿ ಇನ್ನೆಲ್ಲೂ ಇಲ್ಲ, ತರಗತಿಯ ಮೇಜಿನ ಮೇಲಿದೆ. ಈಗ ಪಾಠ ಮಾಡುತ್ತಿರುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಕೈಮುಗಿದು ಕೇಳುತ್ತೇನೆ. ಗಂಟಲು ನೋವು, ಜ್ವರ ಎಂದು ರಜೆ ಹಾಕಿದ ಮಗು ಎರಡು ಮೂರು ವಾರ ಕಳೆದು ಮಂಡಿ ಹಿಡಿದುಕೊಂಡು ಕುಂಟುತ್ತಾ ಬಂದರೆ, ಅದನ್ನು ಬೆಳೆಯುವ ನೋವು ಎನ್ನದೆ ಅಂದೇ ಆರೋಗ್ಯ ಕೇಂದ್ರಕ್ಕೆ ಕಳಿಸಿಕೊಡಿ. ಇಂಜೆಕ್ಷನ್ ಹಾಕಿಸಿಕೊಳ್ಳುವ ಮಗು ನಿಮ್ಮ ತರಗತಿಯಲ್ಲಿದ್ದರೆ, ಅದರ ಹೆಸರಿನ ಸಾಲಿನಲ್ಲಿ ಪ್ರತಿ ಇಪ್ಪತ್ತೊಂದನೆಯ ದಿನದ ಮನೆಗೆ ಕೆಂಪು ಶಾಯಿಯ ಒಂದು ಚುಕ್ಕಿ ಇಡಿ.